ಅಡಿಸ್ ಅಬಾಬವೂ ಅದರ ಸುತ್ತಣ ಸೀಮೆಯೂ

ಆಫ್ರಿಕ ಖಂಡವೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುದು ಸುಡುವ ಮರಳುಗಾಡು, ಇಲ್ಲವೆ ಬಿಸಿಲು ಕಾಣದ ದಟ್ಟಡವಿ. ಈ ಎರಡಕ್ಕೂ ಸೇರದ ಮೂರನೆಯ ಆಫ್ರಿಕವೊಂದುಂಟು. ಅದು ಬೆಟ್ಟದ ಮೇಲಣ ಆಫ್ರಿಕ. ಅಲ್ಲಿ ಬೆಳಗಿನ ಹೊತ್ತು ಮೈಮೇಲೆ ದಪ್ಪ ಹೊದಿಕೆಯಿಲ್ಲದೆ ಹೊರಕ್ಕೆ ಬರಲಾಗದು. ಹೊಲಗಳಲ್ಲಿ ಗೋಧಿ, ಬಾರ್ಲಿ, ಕಡಲೆಗಳು ಬೆಳೆಯುತ್ತವೆ. ರೈತನು ಜೋಡೆತ್ತು ಕಟ್ಟಿ ನೇಗಿಲು ಹೂಡುತ್ತಾನೆ. ಇಥಿಯೋಪಿಯ ದೇಶದ ನಡುಭಾಗವು ಇಂಥ ಸೀಮೆ. ಹಳೆಯ ಭೂಗೋಳದ ಪುಸ್ತಕಗಳಲ್ಲಿ ಇದಕ್ಕೆ ಅಬಿಸೀನಿಯ ಎಂಬ ಹೆಸರಿತ್ತು. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಮಂತ್ರಿಪದವಿಗೇರಿದ ಇಖ್ಲಾಸ್ ಖಾನನಂಥವರನ್ನು ನಮ್ಮ ಚರಿತ್ರೆಯಲ್ಲಿ ಹಬ್ಷಿಗಳೆಂದು ಕರೆದಿರುವುದೂ ಈ ದೇಶಕ್ಕೆ ಅರಬ್ಬರು ಇಟ್ಟ ಹೆಸರಿನಿಂದಲೇ.

ಈ ದೇಶದ ರಾಜಧಾನಿ ಅಡಿಸ್ ಅಬಾಬ. ಸಮುದ್ರಮಟ್ಟಕ್ಕೆ ಸುಮಾರು 7,700 ಅಡಿ ಎತ್ತರದಲ್ಲಿರುವ ಈ ಪಟ್ಟಣವು ನಮ್ಮ ನೆರೆಯ ಉದಕಮಂಡಲಕ್ಕಿಂತ ತುಸು ಮೇಲು. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸಾವಿರ ಅಡಿಗೂ ಹೆಚ್ಚು ಎತ್ತರ. ಅಷ್ಟು ಎತ್ತರದಲ್ಲಿ 40 ಲಕ್ಷಕ್ಕೂ ಮೀರಿದ ಜನ ವಾಸಮಾಡುತ್ತಾರೆ. ಮುಂಬಯಿಯಿಂದ ಐದಾರು ಗಂಟೆಗಳ ವಿಮಾನಪ್ರಯಾಣದಲ್ಲಿ ಅಲ್ಲಿಗೆ ತಲಪಬಹುದು. ಹಾಗೆ ಹೋದವನು ಅಲ್ಲಿ ಏನನ್ನು ನೋಡಬೇಕು, ನೋಡಿದ್ದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ಈ ಹೊತ್ತು ವಿಚಾರಮಾಡೋಣ. ಪಟ್ಟಣವನ್ನು ಮಾತ್ರ ನೋಡಿ ಹಿಂದಿರುಗಿದವನು ಅರ್ಧವನ್ನೇ ನೋಡಿದಂತಾಗುವುದು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವು ಈ ಪಟ್ಟಣ ಹುಟ್ಟಿದ ಕಥೆಯಲ್ಲೇ ಇದೆ.

ಮೊದಲು ನೆಲದ ಲಕ್ಷಣವನ್ನು ತಿಳಿಯತಕ್ಕದ್ದು. ಪಟ್ಟಣದ ಉತ್ತರಕ್ಕೆ ಗೋಡೆಯಂತೆ ಎದ್ದು ನಿಂತಿರುವುದು ಎಂಟೋಟೊ ಬೆಟ್ಟಸಾಲು. ಅದರ ಎತ್ತರ 10,000 ಅಡಿಗೂ ಮೇಲು. ಅದರ ನೆತ್ತಿಯ ಮೇಲೆ ಬಿದ್ದ ಮಳೆಗೆ ಎರಡು ಗತಿಗಳುಂಟು. ಬಡಗಣ ಇಳಿಜಾರಿಗೆ ಬಿದ್ದ ನೀರು ಕೊಳ್ಳಗಳನ್ನು ಹಿಡಿದು ಅಬ್ಬಾಯ್ ನದಿಯನ್ನು, ಎಂದರೆ ನೀಲ ನೈಲನ್ನು ಸೇರಿ, ಸೂಡಾನ್ ಈಜಿಪ್ಟ್ ದೇಶಗಳನ್ನು ದಾಟಿ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗುತ್ತದೆ. ತೆಂಕಣ ಇಳಿಜಾರಿಗೆ ಬಿದ್ದ ನೀರು ಪಟ್ಟಣದ ನಡುವೆಯೇ ತೊರೆಗಳಾಗಿ ಹರಿದು ಅಕಾಕಿ ಹೊಳೆಯ ಮೂಲಕ ಅವಾಶ್ ನದಿಯನ್ನು ಸೇರುತ್ತದೆ. ಈ ಅವಾಶ್ ನದಿಯು ಯಾವ ಸಮುದ್ರವನ್ನೂ ಕಾಣುವುದಿಲ್ಲ. ನೂರಾರು ಮೈಲಿ ಹರಿದು ಕಡೆಗೆ ಅಫಾರ್ ಮರುಭೂಮಿಯ ಉಪ್ಪುಕೆರೆಗಳಲ್ಲಿ ಇಂಗಿಹೋಗುತ್ತದೆ. ಮಳೆಗಾಲವು ನಮ್ಮಲ್ಲಿಯಂತೆಯೇ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಅಲ್ಲದೆ ಫೆಬ್ರವರಿ ಕಳೆದ ಮೇಲೆ ಒಂದು ಚಿಕ್ಕ ಮಳೆಗಾಲವೂ ಉಂಟು.

ಇಥಿಯೋಪಿಯದ ದೊರೆಗಳಿಗೆ ಬಹುಕಾಲ ನೆಲೆಯಾದ ರಾಜಧಾನಿಯಿರಲಿಲ್ಲ. ದೊರೆಯ ದಂಡು ಇಳಿದ ಕಡೆಯೇ ರಾಜಧಾನಿ. ಸಾವಿರಾರು ಜನ ಒಂದೆಡೆ ಬಿಡಾರ ಹೂಡಿದಾಗ ಕೆಲವು ವರ್ಷಗಳಲ್ಲೇ ಸುತ್ತಣ ಕಾಡು ಸೌದೆಯಾಗಿ ಉರಿದುಹೋಗುತ್ತಿತ್ತು, ಹಳ್ಳಿಗಳ ಕಣಜ ಬರಿದಾಗುತ್ತಿತ್ತು. ಆಗ ದಂಡು ಬಿಡಾರವನ್ನು ಕಿತ್ತು ಬೇರೆ ಬೆಟ್ಟವನ್ನು ಹುಡುಕಿಕೊಂಡು ಹೊರಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಶೋವ ಪ್ರಾಂತದ ದೊರೆಯಾಗಿದ್ದ ಮೆನೆಲಿಕನೂ ಹೀಗೆಯೇ ಅಂಕೊಬರ್, ಲಿಚೆ ಎಂಬ ಸ್ಥಳಗಳನ್ನು ಬಿಟ್ಟು ಎಂಟೋಟೊ ಬೆಟ್ಟದ ಮೇಲಕ್ಕೆ ಬಂದನು. ಶತ್ರುಗಳಿಂದ ರಕ್ಷಣೆಗೆ ಅದು ಒಳ್ಳೆಯ ಜಾಗವೇ ಸರಿ. ಆದರೆ ಚಳಿ ಬಹಳ, ಗಾಳಿ ಬಹಳ, ಸೌದೆ ಕಡಮೆ. ಬೆಟ್ಟದ ಬುಡದಲ್ಲಿ ಫಿಲ್ವೊಹ ಎಂಬ ಬಿಸಿನೀರಿನ ಬುಗ್ಗೆಗಳಿದ್ದವು. ರಾಣಿ ತಾಯ್ತುವಿಗೆ ಅಲ್ಲಿನ ಹವೆ ಹಿಡಿಸಿತು. 1886ರಲ್ಲಿ ಮೆನೆಲಿಕನು ಹರಾರ್ ಪಟ್ಟಣದ ಮೇಲೆ ದಂಡೆತ್ತಿ ಹೋಗಿದ್ದಾಗ ಆಕೆಯು ಬುಗ್ಗೆಗಳ ಹತ್ತಿರ ಮನೆ ಕಟ್ಟಿಸಿ, ಆ ಎಡೆಗೆ ಅಡಿಸ್ ಅಬಾಬವೆಂದು ಹೆಸರಿಟ್ಟಳು. ಅಮ್ಹಾರಿಕ್ ಭಾಷೆಯಲ್ಲಿ ಅಡಿಸ್ ಎಂದರೆ ಹೊಸದು, ಅಬಾಬ ಎಂದರೆ ಹೂವು. ಆದರೆ ಆ ಬಯಲು ಹೆಸರಿಲ್ಲದೆ ಬಿದ್ದಿದ್ದ ಬಯಲಲ್ಲ. ಅಲ್ಲಿ ದನ ಮೇಯಿಸಿಕೊಂಡು, ಹೊಲ ಮಾಡಿಕೊಂಡು ಇದ್ದ ಒರೊಮೊ ಜನರು ಅದನ್ನು ಫಿನ್ಫಿನ್ನೆ ಎಂದು ಕರೆಯುತ್ತಿದ್ದರು. ಇಂದಿಗೂ ಹಾಗೆಯೇ ಕರೆಯುತ್ತಾರೆ. ಈ ಎರಡು ಹೆಸರುಗಳನ್ನು ಯಾತ್ರಿಕನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳಲಿರುವ ವಿಷಯಕ್ಕೆ ಅವೇ ಕೀಲಿಕೈ.

ಮೆನೆಲಿಕನು 1889ರಲ್ಲಿ ಇಡೀ ದೇಶಕ್ಕೆ ಚಕ್ರವರ್ತಿಯಾದನು. ತನ್ನ ಸರದಾರರಿಗೆ ಹೊಸ ಪಟ್ಟಣದಲ್ಲಿ ಒಂದೊಂದು ದಿಬ್ಬವನ್ನು ಹಂಚಿಕೊಟ್ಟನು. ಪ್ರತಿಯೊಬ್ಬ ಸರದಾರನೂ ತನ್ನ ಪರಿವಾರ, ಸಿಪಾಯಿಗಳು, ಕುಶಲಕರ್ಮಿಗಳೊಡನೆ ಅಲ್ಲಿ ಬೀಡುಬಿಟ್ಟನು. ಅಂಥ ಬೀಡಿಗೆ ‘ಸೆಫರ್’ ಎಂದು ಹೆಸರು; ಈಗಲೂ ಅಡಿಸ್ ಅಬಾಬದ ಎಷ್ಟೋ ಕೇರಿಗಳ ಹೆಸರು ಸೆಫರ್ ಎಂಬ ಮಾತಿನಿಂದಲೇ ಮುಗಿಯುತ್ತದೆ. ದೊಡ್ಡ ರಸ್ತೆಗಳನ್ನು ಎಳೆದು ಕಟ್ಟಿದ ಪಟ್ಟಣ ಇದಲ್ಲ, ದಂಡಿನ ಬಿಡಾರಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡ ಪಟ್ಟಣ.

ಹತ್ತು ವರ್ಷ ಕಳೆಯುವುದರೊಳಗೆ ಹಳೆಯ ಕಷ್ಟವೇ ಮತ್ತೆ ಬಂತು. ಸುತ್ತಮುತ್ತಣ ಬೆಟ್ಟಗಳು ಬೋಳಾದುವು. ಸೌದೆಗಾಗಿ ದಿನಗಟ್ಟಲೆ ದೂರ ಹೋಗಬೇಕಾಯಿತು. ಹೀಗಿರಲು ಮೆನೆಲಿಕನು ಪಡುವಣಕ್ಕೆ ಸುಮಾರು 35 ಮೈಲಿ ದೂರದಲ್ಲಿ, ಇನ್ನೂ ಮರವಿದ್ದ ಕಡೆ, ಅಡಿಸ್ ಅಲೆಮ್ ಎಂಬ ಇನ್ನೊಂದು ರಾಜಧಾನಿಯನ್ನು ಕಟ್ಟಿಸಲು ಆರಂಭಿಸಿದನು. ಹಿಂದಿನ ರಾಜಧಾನಿಗಳ ಗತಿಯೇ ಅಡಿಸ್ ಅಬಾಬಕ್ಕೂ ಬರುವುದರಲ್ಲಿತ್ತು. ಅದನ್ನು ಉಳಿಸಿದ್ದು ಒಂದು ಮರ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಆಸ್ಟ್ರೇಲಿಯ ದೇಶದ ನೀಲಗಿರಿ ಮರವನ್ನು ಅಲ್ಲಿಗೆ ತಂದು ನೆಟ್ಟರು. ಐದಾರು ವರ್ಷಗಳಲ್ಲಿ ಕಡಿಯುವಷ್ಟು ಬೆಳೆಯುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ದನಕರುಗಳು ಅದರ ಎಲೆಯನ್ನು ಮುಟ್ಟುವುದಿಲ್ಲ. ದೊರೆಯು ಗಿಡ ನೆಡುವವರಿಗೆ ಉತ್ತೇಜನ ಕೊಟ್ಟನು. ಪಟ್ಟಣದ ಒಳಗೂ ಹೊರಗೂ ನೀಲಗಿರಿಯ ತೋಪುಗಳು ಎದ್ದುವು. ಅಡಿಸ್ ಅಲೆಮಿನಲ್ಲಿ ಅರಮನೆಗಾಗಿ ಎಬ್ಬಿಸಿದ ಕಟ್ಟಡವು ಮರಿಯಮ್ಮನವರ ದೇವಾಲಯವಾಯಿತು. ರಾಜಧಾನಿಯು ಇದ್ದಲ್ಲೇ ನಿಂತಿತು. ಈ ಮರಕ್ಕೆ ಅವರು ‘ಬಹರ್ ಜಾಫ್’, ಎಂದರೆ ಕಡಲಾಚೆಯ ಮರ, ಎಂದು ಕರೆಯುತ್ತಾರೆ. ಇಂದು ಅಡಿಸ್ ಅಬಾಬದಲ್ಲಿ ಎತ್ತರದ ಕಟ್ಟಡಗಳನ್ನು ಕಟ್ಟುವಾಗಲೂ ಸಾರುವೆಗೆ ನೀಲಗಿರಿಯ ಗಳುಗಳನ್ನು ಬಳಸುವುದನ್ನು ಯಾತ್ರಿಕನು ಕಾಣಬಹುದು. ಹಳೆಯ ಮನೆಗಳ ಗೋಡೆಯೂ ಇದೇ ಗಳುಗಳನ್ನು ನಿಲ್ಲಿಸಿ, ಹುಲ್ಲು ಬೆರೆಸಿದ ಕೆಸರನ್ನು ಮೆತ್ತಿ ಮಾಡಿದ್ದು.

ಇನ್ನು ಪಟ್ಟಣದೊಳಕ್ಕೆ ಬರೋಣ. 1896ನೆಯ ಮಾರ್ಚಿ 1ರಂದು ಅದ್ವ ಎಂಬಲ್ಲಿ ಇಥಿಯೋಪಿಯದವರು ಇಟಲಿಯ ಸೈನ್ಯವನ್ನು ಸೋಲಿಸಿದರು. ಯೂರೋಪಿನ ರಾಜ್ಯಗಳು ಆಫ್ರಿಕ ಖಂಡವನ್ನು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ ಈ ಗೆಲವು ಸಾಮಾನ್ಯವಾದುದಲ್ಲ. ಅದರ ನೆನಪಿಗೆ ಕಟ್ಟಿದ ಎಂಟು ಮೂಲೆಯ ಸಂತ ಜಾರ್ಜರ ದೇವಾಲಯವು ಪಿಯಾಜ಼ ಎಂಬ ಕೇರಿಯಲ್ಲಿದೆ. 1930ರಲ್ಲಿ ಹೈಲೆ ಸೆಲಾಸಿಯ ಪಟ್ಟಾಭಿಷೇಕವು ನಡೆದುದು ಇಲ್ಲಿಯೇ. ಅದ್ವ ಯುದ್ಧದ ಹೊಸ ಸ್ಮಾರಕಭವನವು 2024ರಲ್ಲಿ ತೆರೆಯಿತು. ಅದೇ ವರ್ಷ ರಸ್ತೆಗಳನ್ನು ಅಗಲಮಾಡುವ ಯೋಜನೆಗಾಗಿ ಪಿಯಾಜ಼ದ ಹಳೆಯ ಮನೆ ಅಂಗಡಿಗಳನ್ನು ಬಹುವಾಗಿ ಕೆಡವಿದರು. ಬಾಳಿದ ಕೇರಿಯನ್ನು ಬಿಟ್ಟು ಅಲ್ಲಿನ ಕುಟುಂಬಗಳು ಊರಂಚಿಗೆ ಹೋಗಬೇಕಾಯಿತು.

ಇಟಲಿಯು 40 ವರ್ಷಗಳ ಮೇಲೆ ಮತ್ತೆ ಬಂದು 1936ರ ಮೇ 5ರಂದು ಪಟ್ಟಣವನ್ನು ಹಿಡಿಯಿತು. 1937ರ ಫೆಬ್ರವರಿ 19ರಂದು ಇಟಲಿಯ ಅಧಿಕಾರಿ ಗ್ರಾಜಿಯಾನಿಯ ಮೇಲೆ ಇಬ್ಬರು ಯುವಕರು ಕೈಬಾಂಬುಗಳನ್ನು ಎಸೆದುದಕ್ಕೆ ಪ್ರತೀಕಾರವಾಗಿ ಮೂರು ದಿನ ಪಟ್ಟಣದಲ್ಲಿ ಕೊಲೆ ನಡೆಯಿತು. ಸಾವಿರಾರು ಜನ ಸತ್ತರು. ಅವರ ನೆನಪಿನ ಕಂಬವು ಸಿದಿಸ್ತ್ ಕಿಲೋ ಚೌಕದಲ್ಲಿದೆ. 1941ರಲ್ಲಿ ಇಟಲಿಯ ಸೈನ್ಯವನ್ನು ಕೆರೆನ್ ಕಣಿವೆಯಲ್ಲಿ ಸೋಲಿಸಿದವರಲ್ಲಿ ಭಾರತದ ಎರಡು ಡಿವಿಜನ್ನುಗಳ ಸಿಪಾಯಿಗಳೂ ಇದ್ದರೆಂಬುದನ್ನು ನಾವು ನೆನೆಯಬೇಕು. ಹೈಲೆ ಸೆಲಾಸಿಯು ಅದೇ ವರ್ಷದ ಮೇ 5ರಂದು, ಸರಿಯಾಗಿ ಐದು ವರ್ಷಗಳ ಮೇಲೆ, ರಾಜಧಾನಿಗೆ ಹಿಂದಿರುಗಿದನು. ಅವನ ಆಳ್ವಿಕೆಯಲ್ಲಿ ಅಲ್ಲಿನ ಶಾಲೆಗಳಿಗೆ ನಮ್ಮ ದೇಶದಿಂದ ಉಪಾಧ್ಯಾಯರು ಬಹುಸಂಖ್ಯೆಯಲ್ಲಿ ಹೋದರು. ಭಾರತೀಯ ಮೇಷ್ಟರಿಂದ ಗಣಿತವನ್ನೋ ಇಂಗ್ಲಿಷನ್ನೋ ಕಲಿತ ಹಿರಿಯರು ಇಂದಿಗೂ ಆ ಪಟ್ಟಣದಲ್ಲಿದ್ದಾರೆ. ಚಕ್ರವರ್ತಿಯ ಅರಮನೆಗಳಲ್ಲಿ ಒಂದು ಈಗ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಅಲ್ಲಿಗೆ ಸಮೀಪದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ, 1974ರಲ್ಲಿ ಅಫಾರ್ ಸೀಮೆಯ ಹದಾರಿನಲ್ಲಿ ಸಿಕ್ಕಿದ, 32 ಲಕ್ಷ ವರ್ಷಗಳಷ್ಟು ಹಳೆಯದಾದ ಅಸ್ಥಿಯನ್ನು ಕಾಪಾಡಿದ್ದಾರೆ. ಲೋಕವು ಅದನ್ನು ಲೂಸಿ ಎಂದು ಕರೆದರೆ ಅವರು ಡಿಂಕ್ನೆಶ್ ಎಂದು ಕರೆಯುತ್ತಾರೆ. ಅದೇ 1974ರಲ್ಲಿ ಸೈನಿಕರು ಚಕ್ರವರ್ತಿಯನ್ನು ಪದವಿಯಿಂದ ಇಳಿಸಿದರು.

1961ರಲ್ಲಿ ಕಟ್ಟಿದ ಆಫ್ರಿಕ ಭವನವನ್ನು ನೋಡದೆ ಬರಕೂಡದು. 1963ರ ಮೇ 25ರಂದು ಆಫ್ರಿಕದ ಸ್ವತಂತ್ರ ದೇಶಗಳ ನಾಯಕರು ಈ ಪಟ್ಟಣದಲ್ಲಿ ಕೂಡಿ ಆಫ್ರಿಕ ಐಕ್ಯಸಂಸ್ಥೆಯನ್ನು ಸ್ಥಾಪಿಸಿದರು. ಭವನದ ಬಣ್ಣದ ಗಾಜಿನ ದೊಡ್ಡ ಕಿಟಕಿಗಳು ಅಫೆವೆರ್ಕ್ ತೆಕ್ಲೆ ಎಂಬ ಇಥಿಯೋಪಿಯದ ಚಿತ್ರಕಾರನ ಕೃತಿ. ಪಡುವಣ ಭಾಗದಲ್ಲಿರುವ ಮೆರ್ಕಾಟೊ ಪೇಟೆಯು ಆಫ್ರಿಕದ ದೊಡ್ಡ ಪೇಟೆಗಳಲ್ಲಿ ಒಂದು. ಸಾಂಬಾರ, ಬಟ್ಟೆ, ಹಳೆಯ ಕಬ್ಬಿಣ, ಬುಟ್ಟಿ, ಕಾಫಿ ಒಂದೊಂದಕ್ಕೂ ಒಂದೊಂದು ಬೀದಿ.

ಓದುಬರಹ ಬಲ್ಲವರಿಗೆ ಸಂತೋಷಕೊಡುವ ಸಂಗತಿಗಳು ಅಲ್ಲಿ ಎರಡು ಮೂರು ಉಂಟು. ಅವರ ಲಿಪಿಯನ್ನು ನೋಡಿದಾಗ ಗುರುತಿಲ್ಲದ ಅಕ್ಷರಗಳೆನಿಸುತ್ತವೆ. ಆದರೆ ಅದರ ಕ್ರಮ ನಮಗೆ ಹೊಸದಲ್ಲ. ಒಂದೊಂದು ವ್ಯಂಜನಕ್ಕೂ ಸ್ವರಭೇದದಿಂದ ಏಳು ರೂಪಗಳು. ನಮ್ಮ ಮಕ್ಕಳು ಕಾಗುಣಿತವನ್ನು ಬಾಯಿಪಾಠಮಾಡುವಂತೆ ಅಲ್ಲಿನ ಮಕ್ಕಳೂ ಈ ಏಳು ರೂಪಗಳನ್ನು ಸಾಲುಸಾಲಾಗಿ ಒಪ್ಪಿಸುತ್ತಾರೆ. ಅವರ ವರ್ಷಕ್ಕೆ ತಿಂಗಳು ಹದಿಮೂರು: ಮೂವತ್ತು ದಿನಗಳ ಹನ್ನೆರಡು, ಐದಾರು ದಿನಗಳದು ಒಂದು. ಅವರ ಹೊಸ ವರ್ಷವು ನಮ್ಮ ಸೆಪ್ಟೆಂಬರ್ 11 ಅಥವಾ 12ಕ್ಕೆ ಬರುತ್ತದೆ. ವರ್ಷದ ಲೆಕ್ಕವು ಏಳೆಂಟು ವರ್ಷ ಹಿಂದೆ. ಹೊತ್ತನ್ನು ಅವರು ಸೂರ್ಯೋದಯದಿಂದ ಎಣಿಸುತ್ತಾರೆ. ಆದಕಾರಣ ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಉದಯದಿಂದ ಘಳಿಗೆಯನ್ನೆಣಿಸುವ ಪಂಚಾಂಗವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಆದರೆ ಗಾಡಿಯ ಹೊತ್ತನ್ನು ಕೇಳುವಾಗ ಯಾವ ಲೆಕ್ಕದ ಗಂಟೆಯೆಂದು ವಿಚಾರಿಸಿಕೊಳ್ಳುವುದು ಕ್ಷೇಮ.

ಊಟದ ವಿಷಯದಲ್ಲಿ ನಮ್ಮವರು ಹೆದರಬೇಕಾಗಿಲ್ಲ. ಅಲ್ಲಿನ ಮುಖ್ಯ ಧಾನ್ಯವು ತೆಫ್. ಕಾಳು ರಾಗಿಗಿಂತಲೂ ಬಹಳ ಸಣ್ಣದು. ಅದರ ಹಿಟ್ಟನ್ನು ಕಲಸಿ ಎರಡು ಮೂರು ದಿನ ಹುಳಿಬರಿಸಿ, ದೊಡ್ಡ ಮಣ್ಣಿನ ಹಂಚಿನ ಮೇಲೆ ಹೊಯ್ದು ಬೇಯಿಸಿದರೆ ಇಂಜೆರ. ಅದು ನಮ್ಮ ದೋಸೆಯ ಜಾತಿ. ಅಗಲವು ಒಂದು ಮೊಳಕ್ಕೂ ಹೆಚ್ಚು. ಮೇಲೆ ಬಗೆಬಗೆಯ ಗೊಜ್ಜುಗಳನ್ನು ಬಡಿಸಿ, ಮನೆಯವರೆಲ್ಲ ಸುತ್ತ ಕೂತು ಒಂದೇ ತಟ್ಟೆಯಿಂದ ಬಲಗೈಯಲ್ಲಿ ಮುರಿದು ತಿನ್ನುತ್ತಾರೆ. ಅಲ್ಲಿನ ಕ್ರೈಸ್ತರು ಬುಧವಾರ ಶುಕ್ರವಾರಗಳಲ್ಲಿಯೂ ದೊಡ್ಡ ಉಪವಾಸದ ಕಾಲದಲ್ಲಿಯೂ ಮಾಂಸ, ಹಾಲು, ಬೆಣ್ಣೆಗಳನ್ನು ಮುಟ್ಟುವುದಿಲ್ಲ. ‘ಉಪವಾಸದ ಊಟ’ ಎಂದು ಕೇಳಿದರೆ ಕಡಲೆಹಿಟ್ಟಿನ ಶಿರೊ, ಬೇಳೆ, ಸೊಪ್ಪು ಸಿಕ್ಕುವುವು. ಕಾಫಿಯನ್ನಂತೂ ಹೇಳತಕ್ಕದ್ದೇ ಇಲ್ಲ. ಅದರ ತವರೇ ಈ ದೇಶ. ಇಲ್ಲಿಂದ ಯೆಮನ್ ದೇಶಕ್ಕೆ ಹೋಗಿ, ಅಲ್ಲಿಂದ ಬಾಬಾ ಬುಡನ್ ಅವರ ಕೈಯಲ್ಲಿ ನಮ್ಮ ಚಿಕ್ಕಮಗಳೂರಿನ ಗಿರಿಗೆ ಬಂದ ಬೀಜದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಮನೆಗೆ ಬಂದವರ ಎದುರಿಗೇ ಹಸಿಬೀಜವನ್ನು ಹುರಿದು, ಕುಟ್ಟಿ, ಮಣ್ಣಿನ ಕೂಜೆಯಲ್ಲಿ ಕಾಯಿಸಿ, ಮೂರು ಸಲ ಬಟ್ಟಲು ತುಂಬುತ್ತಾರೆ. ಮೊದಲ ಬಟ್ಟಲಿಗೇ ಎದ್ದು ಹೊರಡುವುದು ಮರ್ಯಾದೆಯಲ್ಲ.

ಕಾಫಿಗಿಂತ ಹಳೆಯ ನಂಟು ಇನ್ನೆರಡು ಇವೆ. ಹಳೆಯ ಮೈಸೂರಿನ ಒಕ್ಕಲಿಗನ ಅನ್ನವಾದ ರಾಗಿಯು ಮೊದಲು ಸಾಗುವಳಿಗೆ ಬಂದುದು ಪೂರ್ವ ಆಫ್ರಿಕದ ಈ ಎತ್ತರದ ಸೀಮೆಗಳಲ್ಲಿ ಎಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಇಥಿಯೋಪಿಯದಲ್ಲಿ ಅದರ ಹೆಸರು ದಗುಸ. ಅದೇ ರಾಗಿಯ ಹೊಲದ ಅಕ್ಕಡಿಸಾಲಿನಲ್ಲಿ ನಮ್ಮವರು ಬಿತ್ತುವ ಹುಚ್ಚೆಳ್ಳಿನ ತವರೂ ಇಥಿಯೋಪಿಯವೇ. ಮಳೆಗಾಲ ಕಳೆದೊಡನೆ ರಾಜಧಾನಿಯ ಸುತ್ತಣ ಹೊಲಗಳು ಹುಚ್ಚೆಳ್ಳಿನ ಹಳದಿ ಹೂವಿನಿಂದ ತುಂಬಿರುವುದನ್ನು ಕಂಡ ಕನ್ನಡಿಗನಿಗೆ ತಾನು ಪರದೇಶದಲ್ಲಿದ್ದೇನೆಂಬುದೇ ಅರೆಗಳಿಗೆ ಮರೆಯಬಹುದು.

ಆ ಹೊಲಗಳ ಕಡೆಗೆ ಈಗ ಹೊರಡೋಣ. ಎಂಟೋಟೊ ಬೆಟ್ಟವನ್ನೇರಿ, ಮೆನೆಲಿಕನಿಗೆ ಪಟ್ಟಾಭಿಷೇಕವಾದ ಮರಿಯಮ್ಮನವರ ದೇವಾಲಯವನ್ನು ನೋಡಿ, ಉತ್ತರಕ್ಕೆ ಇಳಿದರೆ ಸುಲುಲ್ತದ ಬಯಲು. ಅದನ್ನು ದಾಟಿ ಒಟ್ಟು ಸುಮಾರು 65 ಮೈಲಿ ಹೋದರೆ ಡೆಬ್ರೆ ಲಿಬನೋಸ್ ಎಂಬ ಮಠ ಸಿಕ್ಕುತ್ತದೆ. ಹದಿಮೂರನೆಯ ಶತಮಾನದಲ್ಲಿ ತೆಕ್ಲೆ ಹೈಮಾನೊತ್ ಎಂಬ ಸಂತನು ಸ್ಥಾಪಿಸಿದ್ದು. 1937ರ ಮೇ ತಿಂಗಳಲ್ಲಿ ಗ್ರಾಜಿಯಾನಿಯ ಅಪ್ಪಣೆಯಂತೆ ಇಲ್ಲಿಯ ಸಂನ್ಯಾಸಿಗಳನ್ನು ನೂರುಗಟ್ಟಲೆಯಾಗಿ ಕೊಂದರು. ಮಠದ ಎದುರಿಗೇ ನೆಲವು ಥಟ್ಟನೆ ಮುರಿದು ಸಾವಿರಾರು ಅಡಿ ಆಳದ ಕೊಳ್ಳವಾಗುತ್ತದೆ. ಅದರ ಅಂಚಿನ ಹುಲ್ಲುಗಾವಲಿನಲ್ಲಿ ಗೆಲಾಡ ಎಂಬ ಕೋತಿಗಳು ಹಿಂಡುಹಿಂಡಾಗಿ ಕೂತು ದನಗಳಂತೆ ಹುಲ್ಲನ್ನೇ ಮೇಯುತ್ತವೆ. ಇಥಿಯೋಪಿಯದ ಎತ್ತರದ ಸೀಮೆಗಳಲ್ಲಲ್ಲದೆ ಬೇರೆಲ್ಲಿಯೂ ಇವು ಇಲ್ಲ.

ದಾರಿಯ ಎರಡು ಕಡೆಗಳಲ್ಲೂ ಒಕ್ಕಲುತನವನ್ನು ನೋಡುತ್ತ ಹೋಗಬೇಕು. ನೆಲವು ಬಹಳೆಡೆಗಳಲ್ಲಿ ನಮ್ಮ ಬಯಲುಸೀಮೆಯ ಎರೆಭೂಮಿಯಂತೆ ಕಪ್ಪು. ತೆಫ್ ಬೀಜ ಸಣ್ಣದಾದ್ದರಿಂದ ಹೊಲವನ್ನು ನಾಲ್ಕೈದು ಸಲ ಉತ್ತು ಹದಮಾಡಬೇಕು. ನವೆಂಬರು ಡಿಸೆಂಬರುಗಳಲ್ಲಿ ಕೊಯಿಲು. ಕಣದಲ್ಲಿ ಎತ್ತುಗಳಿಂದ ತುಳಿಸಿ, ಗಾಳಿಗೆ ತೂರಿ, ಹುಲ್ಲನ್ನು ಬಣವೆಯೊಡ್ಡುತ್ತಾರೆ. ಮನೆಗಳ ಗೋಡೆಗೆ ಬೆರಣಿ ತಟ್ಟಿರುವುದೂ ಕಾಣುವುದು. ಸೌದೆಯಿಲ್ಲದ ಕಡೆ ಸಗಣಿಯೇ ಉರುವಲು. ಒಲೆಗೆ ಹೋದ ಸಗಣಿ ಹೊಲಕ್ಕೆ ಗೊಬ್ಬರವಾಗಿ ಹೋಗುವುದಿಲ್ಲ. ಆದ್ದರಿಂದ ಹೊಲದಂಚಿನಲ್ಲಿ ನೀಲಗಿರಿ ನೆಡುವ ರೈತನನ್ನು ನಾವು ಸುಲಭವಾಗಿ ದೂರಲಾಗದು. ಅದು ನೀರನ್ನು ಹೀರುತ್ತದೆ, ಅದರ ಅಡಿಯಲ್ಲಿ ಬೇರೆ ಪೈರು ಏಳುವುದಿಲ್ಲ ಎಂಬ ಮಾತು ಅಲ್ಲಿಯೂ ಇದೆ. ನಮ್ಮ ಕೋಲಾರದ ಕಡೆಯವರಿಗೆ ಇದು ಹೊಸ ಮಾತಲ್ಲ. ಆದರೂ ಮಳೆ ಕೈಕೊಟ್ಟ ವರ್ಷ, ಇಲ್ಲವೆ ಮಗಳ ಮದುವೆಯ ವರ್ಷ, ನಾಲ್ಕು ಮರ ಕಡಿದು ಪಟ್ಟಣಕ್ಕೆ ಮಾರಿದರೆ ಕೈಗೆ ಹಣ ಬರುತ್ತದೆ.

ಪಟ್ಟಣದ ಪಡುವಣಕ್ಕೆ ಹೋದರೆ ಮೆನಗೆಶ ಸುಬ ಎಂಬ ಕಾಡಿದೆ. ಹದಿನೈದನೆಯ ಶತಮಾನದಲ್ಲಿ ಜ಼ರ ಯಾಕೋಬ್ ಚಕ್ರವರ್ತಿಯು ಬೇರೆಡೆಯಿಂದ ಬೀಜ ತರಿಸಿ ಈ ಬೆಟ್ಟದಲ್ಲಿ ಜುನಿಪರ್ ಮರಗಳನ್ನು ಬೆಳೆಸಿದನೆಂದು ಪ್ರತೀತಿ. ಹಿಂದೆ ಈ ಸೀಮೆಯ ಬೆಟ್ಟಗಳೆಲ್ಲ ಹೇಗಿದ್ದವೆಂಬುದಕ್ಕೆ ಉಳಿದಿರುವ ಸಾಕ್ಷಿ ಇದು. ಆಗ್ನೇಯಕ್ಕೆ ಸುಮಾರು 30 ಮೈಲಿ ಇಳಿದರೆ ಬಿಶೊಫ್ತು. ಆರಿದ ಅಗ್ನಿಪರ್ವತಗಳ ಬಾಯಿಗಳಲ್ಲಿ ನೀರು ನಿಂತು ಆದ ಕೆರೆಗಳ ಊರು. ಅಲ್ಲಿನ ಹೋರ ಕೆರೆಯ ದಡದಲ್ಲಿ ಮಳೆಗಾಲ ಮುಗಿದ ಮೇಲೆ ಲಕ್ಷಾಂತರ ಒರೊಮೊ ಜನ ಸೇರಿ, ಹಸಿರು ಹುಲ್ಲನ್ನೂ ಹೂವನ್ನೂ ನೀರಿನಲ್ಲಿ ಅದ್ದಿ, ಮಳೆ ಕೊಟ್ಟ ದೇವರಿಗೆ ವಂದಿಸುತ್ತಾರೆ. ಈ ಹಬ್ಬಕ್ಕೆ ಇರ್ರೀಚ ಎಂದು ಹೆಸರು. ದಕ್ಷಿಣಕ್ಕೆ ಅವಾಶ್ ನದಿಯ ದಡದಲ್ಲಿ ಶಿಲಾಯುಗದ ಮನುಷ್ಯರ ಕಲ್ಲಿನ ಹತಾರಗಳು ಸಿಕ್ಕಿರುವ ಮೆಲ್ಕ ಕುಂತುರೆಯೂ, ಅದರಾಚೆ ಕತ್ತಿಯ ಗುರುತನ್ನು ಕೆತ್ತಿದ ನಿಲುಗಲ್ಲುಗಳಿರುವ ತಿಯ ಗ್ರಾಮವೂ ಇವೆ. ನಮ್ಮ ವೀರಗಲ್ಲುಗಳನ್ನು ಬಲ್ಲವರು ತಿಯವನ್ನು ತಪ್ಪದೆ ನೋಡಬೇಕು. ಆ ಕಲ್ಲುಗಳ ಬಳಿ ಅಗೆದಾಗ ಗೋರಿಗಳು ದೊರೆತಿವೆ.

ಇಷ್ಟನ್ನು ನೋಡಿದ ಮೇಲೆ, ಮೊದಲು ಹೇಳಿದ ಮಾತಿಗೆ ಬರೋಣ. ಹಿಂದಿನ ರಾಜಧಾನಿಗಳು ಸುತ್ತಣ ಸೀಮೆಯನ್ನು ಬರಿದುಮಾಡಿ ಹೊರಟುಹೋಗುತ್ತಿದ್ದವು. ಹೊರಟುಹೋದ ಮೇಲೆ ನೆಲಕ್ಕೆ ಬಿಡುವು ಸಿಕ್ಕುತ್ತಿತ್ತು. ಅಡಿಸ್ ಅಬಾಬ ಹೊರಟುಹೋಗಲಿಲ್ಲ. ನಿಂತ ರಾಜಧಾನಿಗೆ ದಿನದಿನವೂ ಸೌದೆ ಬೇಕು, ಧಾನ್ಯ ಬೇಕು, ನೀರು ಬೇಕು, ನೆಲ ಬೇಕು. ಆ ಭಾರವನ್ನು ಹೊತ್ತವರು ಯಾರು?

ಸೌದೆಯ ಭಾರವನ್ನು ಹೊತ್ತವರನ್ನು ಎಂಟೋಟೊ ರಸ್ತೆಯಲ್ಲೇ ನೋಡಬಹುದು. ನೀಲಗಿರಿಯ ರೆಂಬೆ ಎಲೆಗಳನ್ನು ಕಟ್ಟಿ, 30 ಕಿಲೋಗ್ರಾಂಗೂ ಮೀರಿದ ಹೊರೆಯನ್ನು ಬೆನ್ನಿನ ಮೇಲೆ ಅಡ್ಡಲಾಗಿ ಹೊತ್ತು, ನೆಲವನ್ನೇ ನೋಡುತ್ತ ಇಳಿದುಬರುವ ಹೆಂಗಸರು ಅವರು. ಬೆಳಗಾಗುವ ಮುನ್ನ ಬೆಟ್ಟವನ್ನೇರಬೇಕು, ಕಾವಲುಗಾರರ ಕಣ್ಣು ತಪ್ಪಿಸಬೇಕು, ಹಲವು ಮೈಲಿ ಇಳಿದು ಮಾರಬೇಕು. ಸಿಕ್ಕುವುದು ಆ ಹೊತ್ತಿನ ಊಟದ ಕಾಸು. ಇಂಜೆರದ ದೊಡ್ಡ ಹಂಚಿಗೆ ಸೌದೆ ಬಹಳ ಹಿಡಿಯುತ್ತದೆ. ಪಟ್ಟಣದಲ್ಲಿ ವಿದ್ಯುತ್ತಿನ ಹಂಚುಗಳು ಬಂದಿವೆ. ನೀಲ ನೈಲಿಗೆ ಕಟ್ಟಿದ ಮಹಾ ಅಣೆಕಟ್ಟು 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಗಿದೆ. ಹೊರೆಯನ್ನು ಬಿಟ್ಟು ನೇಯ್ಗೆ ಕಲಿತು, ಸಂಘ ಮಾಡಿಕೊಂಡು ಶಾಲುಗಳನ್ನು ಮಾರುವ ಹೆಂಗಸರೂ ಇದ್ದಾರೆ. ಬೆಟ್ಟದ ಒಂದು ಭಾಗವು 2020ರಿಂದ ವಿಹಾರವನವಾಗಿದೆ. ವಿಹಾರಕ್ಕೆ ಹೋದವರು ಅಲ್ಲಿನ ಮರಗಳ ನೆರಳನ್ನು ಹೊಗಳುತ್ತಾರೆ; ಆ ಮರಗಳಿಂದಲೇ ಈ ಪಟ್ಟಣದ ಒಲೆಗಳು ನೂರಿಪ್ಪತ್ತು ವರ್ಷ ಉರಿದವೆಂಬುದನ್ನು ಬಲ್ಲವರು ಕಡಮೆ.

ನೆಲದ ಪ್ರಶ್ನೆ ಇನ್ನೂ ಕಠಿನವಾದುದು. 1975ರ ಶಾಸನದಿಂದ ಜಮೀನ್ದಾರಿ ಹೋಗಿ ಭೂಮಿಯೆಲ್ಲವೂ ಸರ್ಕಾರದ್ದಾಯಿತು. ರೈತನಿಗೆ ಉಳುವ ಹಕ್ಕುಂಟು, ಮಾರುವ ಹಕ್ಕಿಲ್ಲ. ಪಟ್ಟಣವು ಹೊಲದ ಮೇಲಕ್ಕೆ ಬಂದಾಗ ಅವನಿಗೆ ದೊರೆಯುವುದು ಬೆಳೆಯ ಬೆಲೆಯ ಮೇಲೆ ಕಟ್ಟಿದ ಪರಿಹಾರ. ಅದೇ ನೆಲವು ಮರುವರ್ಷ ಗೃಹನಿವೇಶನವಾಗಿ ಎಷ್ಟು ಬೆಲೆಬಾಳುವುದೆಂಬುದು ಬೇರೆ ಮಾತು. ಪಟ್ಟಣದ ಸುತ್ತಲೂ ಇರುವುದು ಒರೊಮಿಯ ರಾಜ್ಯ. ರಾಜಧಾನಿಯಲ್ಲಿ ಆ ರಾಜ್ಯಕ್ಕೆ ವಿಶೇಷ ಹಿತಾಸಕ್ತಿಯುಂಟೆಂದು 1995ರ ಸಂವಿಧಾನವೇ ಒಪ್ಪಿದೆ. 2014ರಲ್ಲಿ ಪಟ್ಟಣವನ್ನೂ ಸುತ್ತಣ ಊರುಗಳನ್ನೂ ಒಂದೇ ನಕ್ಷೆಗೆ ಸೇರಿಸುವ ಯೋಜನೆ ಹೊರಬಿದ್ದಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು. 2015ರ ನವೆಂಬರಿನಲ್ಲಿ, ಪಡುವಣ ರಸ್ತೆಯ ಗಿಂಚಿ ಎಂಬ ಊರಿನಿಂದ ಮೊದಲಾದ ಚಳವಳಿಯು ಒರೊಮಿಯವನ್ನೆಲ್ಲ ವ್ಯಾಪಿಸಿತು. ನೂರಾರು ಜನ ಪ್ರಾಣ ಕಳೆದುಕೊಂಡರು. 2016ರ ಜನವರಿಯಲ್ಲಿ ಸರ್ಕಾರವು ಯೋಜನೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೂ ಅಶಾಂತಿ ನಿಲ್ಲದೆ 2018ರಲ್ಲಿ ಪ್ರಧಾನಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಫಿನ್ಫಿನ್ನೆ ಎನ್ನುವವರೂ ಅಡಿಸ್ ಅಬಾಬ ಎನ್ನುವವರೂ ಹೇಳುತ್ತಿರುವುದು ಒಂದೇ ನೆಲವನ್ನು. ಅದು ಯಾರಿಗೆ ಎಷ್ಟು ಸೇರತಕ್ಕದ್ದೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ನೀರಿನದೂ ಇದೇ ಬಗೆ. ಕುಡಿಯುವ ನೀರು ಸುತ್ತಣ ಸೀಮೆಯ ಕೆರೆಕಟ್ಟೆಗಳಿಂದ ಪಟ್ಟಣಕ್ಕೆ ಬರುತ್ತದೆ. ಪಟ್ಟಣದ ಕೊಳಚೆ ಅಕಾಕಿ ಹೊಳೆಯಲ್ಲಿ ಕೆಳಕ್ಕೆ ಹೋಗುತ್ತದೆ. ಕೆಳಗಿನವರು ಅದೇ ನೀರಿನಿಂದ ಸೊಪ್ಪು ತರಕಾರಿ ಬೆಳೆದು ಮತ್ತೆ ಪಟ್ಟಣಕ್ಕೇ ಮಾರುತ್ತಾರೆ.

ಹೋಗಬಯಸುವವರಿಗೆ ಕೆಲವು ಸೂಚನೆಗಳು. ಅಕ್ಟೋಬರಿನಿಂದ ಜನವರಿವರೆಗೆ ಒಳ್ಳೆಯ ಕಾಲ. ಎತ್ತರಕ್ಕೆ ದೇಹ ಒಗ್ಗುವವರೆಗೆ ಮೊದಲೆರಡು ದಿನ ಏದುಸಿರು ಬರಬಹುದು. ಬಂದ ದಿನವೇ ಬೆಟ್ಟ ಹತ್ತಬಾರದು. ದೇವಾಲಯಗಳಲ್ಲಿ ನಮ್ಮಲ್ಲಿಯಂತೆಯೇ ಪಾದರಕ್ಷೆಗಳನ್ನು ಹೊರಗೆ ಬಿಡಬೇಕು. 2020ರಿಂದ ಈಚೆಗೆ ದೇಶದ ಉತ್ತರದಲ್ಲಿ ಘೋರ ಯುದ್ಧವಾಗಿದೆ. ಒರೊಮಿಯ, ಅಮ್ಹಾರ ಪ್ರಾಂತಗಳಲ್ಲಿಯೂ ಕಾಳಗಗಳಾಗಿವೆ. ಆದ್ದರಿಂದ ಪಟ್ಟಣದ ಹೊರಕ್ಕೆ ಹೊರಡುವ ಮುನ್ನ ದಾರಿಯ ಸ್ಥಿತಿಯನ್ನು ಸ್ಥಳದವರಿಂದ ವಿಚಾರಿಸಿಯೇ ಹೊರಡತಕ್ಕದ್ದು.

ರಾಜಧಾನಿಗಳೆಲ್ಲವೂ ಸುತ್ತಣ ಹಳ್ಳಿಗಳ ಮೇಲೆ ನಿಂತಿರುವುವು. ಬೇರೆ ಕಡೆಗಳಲ್ಲಿ ಇದು ಹಳೆಯ ಸಂಗತಿಯಾಗಿ ಕಣ್ಣಿಗೆ ಕಾಣದಂತಾಗಿದೆ. ಅಡಿಸ್ ಅಬಾಬವು ನೂರನಲವತ್ತು ವರ್ಷಗಳ ಪಟ್ಟಣವಾದ್ದರಿಂದ ಅಲ್ಲಿ ಆ ಸಂಬಂಧವು ಇನ್ನೂ ಬರಿಗಣ್ಣಿಗೆ ಕಾಣುತ್ತದೆ: ಬೆಟ್ಟದ ಮರದಲ್ಲಿ, ಬೆನ್ನಿನ ಹೊರೆಯಲ್ಲಿ, ಹೊಲದ ನಡುವೆ ನೆಟ್ಟ ಗಡಿಕಲ್ಲಿನಲ್ಲಿ. ಯಾತ್ರಿಕನು ಪಟ್ಟಣಕ್ಕೆ ಒಂದು ದಿನವನ್ನು ಕೊಟ್ಟರೆ ಆ ಸೀಮೆಗೆ ಎರಡು ದಿನ ಕೊಡಬೇಕು. ಹಾಗೆ ನೋಡಿ ಬಂದವನು ತನ್ನ ಊರಿಗೆ ಹಾಲು, ಸೊಪ್ಪು, ನೀರು ಎಲ್ಲಿಂದ ಬರುತ್ತವೆ, ಅವನ್ನು ಕಳುಹಿಸುವವರ ಸ್ಥಿತಿಗತಿ ಏನು ಎಂಬುದನ್ನೂ ವಿಚಾರಮಾಡದಿರಲಾರನು.